ಕೊಟೇಶನ್‌ನ ಕೊನೆಯ ಸಾಲಿನಲ್ಲಿರುವ ಡಿಸ್ಕ್

ಕಾಲೇಜಿಗೋ ನರ್ಸಿಂಗ್ ಹೋಮಿಗೋ ಪತ್ತಿನ ಸಹಕಾರ ಸಂಘಕ್ಕೋ ಹೊಸ ಸರ್ವರ್ ತರಿಸುವಾಗ ಮಾತುಕತೆಯೆಲ್ಲ ಪ್ರೊಸೆಸರ್ ಮತ್ತು ರ‍್ಯಾಮ್ ಸುತ್ತಲೇ ನಡೆಯುತ್ತದೆ. ಒಂದೇ ಯಂತ್ರದೊಳಗೆ ಲೆಕ್ಕಪತ್ರಕ್ಕೊಂದು, ಹಾಜರಾತಿಗೊಂದು, ಫೈಲುಗಳಿಗೊಂದು ಎಂದು ನಾಲ್ಕಾರು ವರ್ಚುವಲ್ ಮಷೀನ್‌ಗಳು ಓಡಬೇಕಲ್ಲ, ಹಾಗಾಗಿ ಅದು ಸಹಜ. ಆ ವಿಎಂಗಳನ್ನೆಲ್ಲ ನಡೆಸುವ ಹೈಪರ್‌ವೈಸರ್ ಯಾವ ಡಿಸ್ಕ್‌ನಲ್ಲಿ ಕೂರಬೇಕು ಎಂಬ ಪ್ರಶ್ನೆ ಮಾತ್ರ ಕಟ್ಟಕಡೆಗೆ ಬರುತ್ತದೆ. ‘ಯಾವುದಾದರೂ ಚಿಕ್ಕದೊಂದು ಹಾಕಿ, ಬೂಟ್ ಆದರೆ ಸಾಕು’ ಎಂಬ ಉತ್ತರವೂ ಸಿದ್ಧವಿರುತ್ತದೆ.

ಒಂದು ಕಾಲಕ್ಕೆ ಆ ಉತ್ತರ ಸರಿಯೇ ಇತ್ತು. ವಿಎಂವೇರ್ ಕಂಪನಿಯ ಇಎಸ್‌ಎಕ್ಸ್‌ಐ 5 ಮತ್ತು 6ನೇ ಆವೃತ್ತಿಗಳಲ್ಲಿ ಹೈಪರ್‌ವೈಸರ್ ಬೂಟ್ ಆದೊಡನೆ ರ‍್ಯಾಮ್‌ಗೆ ಏರಿ ಅಲ್ಲಿಂದಲೇ ಓಡುತ್ತಿತ್ತು. ಬೂಟ್ ಸಾಧನಕ್ಕೆ ಉಳಿಯುತ್ತಿದ್ದ ಮುಖ್ಯ ಕೆಲಸವೆಂದರೆ ಗಂಟೆಗೊಮ್ಮೆ ಸೆಟ್ಟಿಂಗ್‌ಗಳ ಪುಟ್ಟ ಕಡತವೊಂದನ್ನು ಬರೆದಿಡುವುದು. ಅದಕ್ಕೆ ಯುಎಸ್‌ಬಿ ಪೆನ್‌ಡ್ರೈವ್ ಸಾಕಾಗುತ್ತಿತ್ತು. ಡೆಲ್ ಸರ್ವರ್‌ಗಳಲ್ಲಂತೂ ಎರಡು ಎಸ್‌ಡಿ ಕಾರ್ಡುಗಳ ಜೋಡಿಗೆಂದೇ ಪ್ರತ್ಯೇಕ ಮಾಡ್ಯೂಲ್ ಸಿಗುತ್ತಿತ್ತು. ಮುಂಭಾಗದ ಡಿಸ್ಕ್ ಜಾಗವೆಲ್ಲ ಡೇಟಾಕ್ಕೆ ಉಳಿಯುತ್ತಿತ್ತು. ಆದರೆ ಲಾಗ್‌ಗಳಿಗೆ ಬೇರೆ ಜಾಗ ತೋರಿಸದಿದ್ದರೆ ಅವೂ ರ‍್ಯಾಮ್‌ನಲ್ಲೇ ಇರುತ್ತಿದ್ದವು. ಸರ್ವರ್ ಬಿದ್ದು ಎದ್ದಾಗ, ಯಾಕೆ ಬಿತ್ತು ಎಂದು ಹೇಳಬೇಕಿದ್ದ ಲಾಗ್ ಅದರ ಜೊತೆಗೇ ಅಳಿದುಹೋಗಿರುತ್ತಿತ್ತು.

2020ರ ಏಪ್ರಿಲ್‌ನಲ್ಲಿ ಬಂದ 7ನೇ ಆವೃತ್ತಿ ಈ ಏರ್ಪಾಟನ್ನೇ ಬದಲಿಸಿತು. ಲಾಗ್, ಕ್ರ್ಯಾಶ್ ಆದಾಗಿನ ಮೆಮರಿ ಡಂಪ್, ವಿಎಂಗಳಿಗೆ ಬೇಕಾದ ಟೂಲ್ಸ್ ಎಲ್ಲವೂ ಬೂಟ್ ಡಿಸ್ಕ್‌ನ ಒಂದೇ ದೊಡ್ಡ ಪಾರ್ಟಿಷನ್ನಿಗೆ ಬಂದವು. ಅಲ್ಲಿಗೆ ಬೂಟ್ ಡಿಸ್ಕ್ ಹಗಲಿರುಳು ಬರೆಯುವ ಡಿಸ್ಕ್ ಆಯಿತು. ಎಸ್‌ಡಿ ಕಾರ್ಡುಗಳು ಇಂಥ ಹೊರೆಗೆಂದು ತಯಾರಾದವಲ್ಲ. 2021ರಲ್ಲಿ ಎರಡನೇ ಅಪ್‌ಡೇಟ್ ಹಾಕಿಕೊಂಡ ಅನೇಕ ಕಡೆ ಕಾರ್ಡುಗಳು ಕೆಡತೊಡಗಿದವು. ಕೆಟ್ಟ ರೀತಿಯೂ ವಿಚಿತ್ರ: ವಿಎಂಗಳು ಓಡುತ್ತಲೇ ಇರುತ್ತಿದ್ದವು, ಬಳಕೆದಾರರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಹೋಸ್ಟ್‌ಗೆ ಕೊಟ್ಟ ಆಜ್ಞೆಗಳು ಅರ್ಧಕ್ಕೇ ನಿಲ್ಲುತ್ತಿದ್ದವು, ವಿಎಂಗಳನ್ನು ಬೇರೆ ಯಂತ್ರಕ್ಕೆ ಸಾಗಿಸಲೂ ಆಗುತ್ತಿರಲಿಲ್ಲ. ಯುಎಸ್‌ಬಿ, ಎಸ್‌ಡಿ ಕಾರ್ಡುಗಳನ್ನೇ ನಂಬಿ ಬೂಟ್ ಮಾಡುವ ಪದ್ಧತಿಯಿಂದ ಕಂಪನಿ ಆಮೇಲೆ ಹಿಂದೆ ಸರಿಯಿತು.

ಹಾಗಾಗಿ ಬೂಟ್ ಡಿಸ್ಕ್ ಆರಿಸುವಾಗ ಎಷ್ಟು ಜಿಬಿ ಎಂದು ಕೇಳುವ ಮೊದಲು ದಿನಕ್ಕೆ ಎಷ್ಟು ಬರೆಯುತ್ತದೆ ಎಂದು ಕೇಳಬೇಕು. 7ನೇ ಆವೃತ್ತಿಗೆ ಕನಿಷ್ಠ 32 ಜಿಬಿ ಬೇಕು; ಚೆನ್ನಾಗಿ ನಡೆಯಬೇಕೆಂದರೆ 128 ಜಿಬಿ ಅಥವಾ ಅದಕ್ಕಿಂತ ಹೆಚ್ಚು. ಅದರ ಜೊತೆಗೇ ಡಿಸ್ಕ್‌ನ ಬಾಳಿಕೆ 128 ಟೆರಾಬೈಟ್ ಬರಹದಷ್ಟಾದರೂ ಇರಬೇಕು, ಸೆಕೆಂಡಿಗೆ 100 ಎಂಬಿ ಸರಾಗವಾಗಿ ಬರೆಯಬೇಕು, ಎರಡು ಡಿಸ್ಕ್‌ಗಳ ರೇಡ್ 1 (ಒಂದರ ನಕಲು ಇನ್ನೊಂದರಲ್ಲಿ) ಇದ್ದರೆ ಒಳ್ಳೆಯದು ಎಂದು ವಿಎಂವೇರ್ ಶಿಫಾರಸು ಮಾಡಿದೆ. 128 ಟೆರಾಬೈಟನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 70 ಜಿಬಿ. ಎರಡು ಎಂ.2 ಡಿಸ್ಕ್‌ಗಳನ್ನು ಜೋಡಿಸಿಕೊಂಡ ಡೆಲ್‌ನ ಬಾಸ್ ಕಾರ್ಡ್, ಎಚ್‌ಪಿಇಯ ಎನ್ಎಸ್204ಐ ಇವೆಲ್ಲ ಬೂಟ್ ಕೆಲಸಕ್ಕೆಂದೇ ಬಂದವು. ಬಾಸ್‌ನ ಮೊದಲ ತಲೆಮಾರಿನಲ್ಲಿ ಡಿಸ್ಕ್ ಬದಲಿಸಲು ಸರ್ವರ್ ನಿಲ್ಲಿಸಿ ಮುಚ್ಚಳ ತೆಗೆಯಬೇಕಿತ್ತು. ಎರಡನೆಯದರಲ್ಲಿ ಯಂತ್ರ ಓಡುತ್ತಿರುವಾಗಲೇ ಹಿಂದಿನಿಂದ ಎಳೆದು ಬದಲಿಸಬಹುದು. ಹಳೆಯ ಸರ್ವರ್ ಕೊಳ್ಳುವವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು ಲೈಸೆನ್ಸ್ ಪದ್ಧತಿ ಬದಲಿಸಿದ ಮೇಲೆ ಸಣ್ಣ ಸಂಸ್ಥೆಗಳು ಆಸ್ಟ್ರಿಯಾದ ಮುಕ್ತ ತಂತ್ರಾಂಶ ಪ್ರಾಕ್ಸ್‌ಮಾಕ್ಸ್ ಕಡೆಗೂ ನೋಡುತ್ತಿವೆ. ಅಲ್ಲಿ ಬರೆಯುವ ಹೊರೆ ಬೇರೆ ಬಗೆಯದು. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದರಿಂದ ಮಾಮೂಲಿ ಲಾಗ್‌ಗಳು ಇದ್ದೇ ಇವೆ. ಜೊತೆಗೆ, ಸಂರಚನೆಯ ಪ್ರತಿ ಬದಲಾವಣೆಯೂ ಒಂದು ಸಣ್ಣ ಡೇಟಾಬೇಸ್ ಕಡತಕ್ಕೆ ಆ ಕ್ಷಣವೇ ಇಳಿಯಬೇಕು. ಬರೆಯುವುದು ಕೆಲವೇ ನೂರು ಬೈಟ್ ಆದರೂ ಎಸ್‌ಎಸ್‌ಡಿ ಒಳಗೆ ಇಡೀ ಪುಟವೊಂದು ಖರ್ಚಾಗುತ್ತದೆ. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹಾಕಿದ್ದರೆ ಇನ್ನೂ ಹೆಚ್ಚು. ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಬಾಳುವ ಅಗ್ಗದ ಎಸ್‌ಎಸ್‌ಡಿ ಇಲ್ಲಿ ಬೇಗ ಸವೆಯುವುದು ಇದರಿಂದಲೇ. ಸರ್ವರ್‌ಗೆಂದೇ ಮಾಡಿದ ಅನೇಕ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್‌ಗಳ ಸಾಲು ಇರುತ್ತದೆ. ಕರೆಂಟ್ ಹೋದರೂ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ. ಆ ಧೈರ್ಯದಿಂದಲೇ ಆ ಡಿಸ್ಕ್ ಸಣ್ಣ ಬರಹಗಳನ್ನು ಒಟ್ಟುಗೂಡಿಸಿ ಒಂದೇ ಸಲ ಇಳಿಸಬಲ್ಲದು. ಯುಪಿಎಸ್ ಬ್ಯಾಟರಿ ಸೋತಿರುವುದು ಕರೆಂಟ್ ಹೋದ ದಿನವೇ ಗೊತ್ತಾಗುವ ನಮ್ಮ ಊರುಗಳಲ್ಲಿ ಇದಕ್ಕೆ ಹೆಚ್ಚು ದುಡ್ಡು ಕೊಡುವುದು ಖಂಡಿತ ನ್ಯಾಯ. ಬಜೆಟ್ ಸಾಲದಿದ್ದರೆ ರ‍್ಯಾಮ್‌ನಲ್ಲಿ ಉಳಿಸಿ. ರ‍್ಯಾಮನ್ನು ಮುಂದಿನ ವರ್ಷ ಸೇರಿಸಬಹುದು.

ಎರಡು ಡಿಸ್ಕ್ ಹಾಕಿ ಝಡ್‌ಎಫ್‌ಎಸ್ ಮಿರರ್ ಮಾಡಿದವರು ಮರೆಯುವ ಸಂಗತಿಯೊಂದಿದೆ. ಯಂತ್ರ ಆನ್ ಆದಾಗ ಮೊದಲು ಓದುವ ಚಿಕ್ಕ ಬೂಟ್ ಪಾರ್ಟಿಷನ್ ಮಿರರಿನ ಹೊರಗಿರುತ್ತದೆ. ಎರಡೂ ಡಿಸ್ಕ್‌ಗಳಲ್ಲಿ ಅದನ್ನು ಸಮನಾಗಿಡುವುದು ಪ್ರಾಕ್ಸ್‌ಮಾಕ್ಸ್‌ನ ಬೂಟ್ ಟೂಲ್. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕುವಾಗ ಝಡ್‌ಎಫ್‌ಎಸ್ ಪಾರ್ಟಿಷನ್ನನ್ನಷ್ಟೇ ಸೇರಿಸಿ ಇದನ್ನು ಬಿಟ್ಟರೆ ಮಿರರ್ ಆರೋಗ್ಯವಾಗಿದೆ ಎಂದೇ ಪರದೆ ತೋರಿಸುತ್ತದೆ. ಹಳೆಯ ಡಿಸ್ಕ್ ಕೈಕೊಟ್ಟ ದಿನ ಸರ್ವರ್ ಏಳುವುದಿಲ್ಲ. ಸರ್ವರ್‌ಗೆ ಇನ್ನೂ ಕೆಲಸ ಹಚ್ಚದಿರುವಾಗಲೇ ಒಂದೊಂದು ಡಿಸ್ಕ್ ಹೊರತೆಗೆದು, ಉಳಿದೊಂದರಿಂದ ಬೂಟ್ ಮಾಡಿ ನೋಡಬೇಕು. ಬೂಟ್ ಡಿಸ್ಕ್‌ನಲ್ಲೇ ಐಎಸ್‌ಒ ಫೈಲು, ಬ್ಯಾಕಪ್ ತುಂಬುವ ಅಭ್ಯಾಸವನ್ನೂ ಅಂದೇ ತಡೆಯಬೇಕು. ಡಿಸ್ಕ್ ಭರ್ತಿಯಾದರೆ ನಿರ್ವಹಣೆಯ ವೆಬ್ ಪುಟಕ್ಕೆ ಲಾಗಿನ್ ಆಗುವುದೂ ಕಷ್ಟ.

ಎರಡೂ ಡಿಸ್ಕ್ ಒಟ್ಟಿಗೇ ಹೋದರೆ? ವಿಎಂಗಳು ಬೇರೆ ಡಿಸ್ಕ್‌ಗಳಲ್ಲಿದ್ದರೆ ಅವುಗಳ ಡೇಟಾ ಉಳಿಯುತ್ತದೆ. ಇಎಸ್‌ಎಕ್ಸ್‌ಐನಲ್ಲಿ ಪ್ರತಿ ವಿಎಂನ ವಿವರದ ಕಡತವೂ ಅದರ ಡಿಸ್ಕ್ ಫೈಲುಗಳ ಪಕ್ಕದಲ್ಲೇ ಇರುತ್ತದೆ. ಹೈಪರ್‌ವೈಸರ್ ಹೊಸದಾಗಿ ಹಾಕಿ ವಿಎಂಗಳನ್ನು ಮತ್ತೆ ನೋಂದಾಯಿಸಿದರೆ ಅವು ಎದ್ದು ಕೂರುತ್ತವೆ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಆ ವಿವರಗಳಿರುವುದು ಬೂಟ್ ಡಿಸ್ಕ್‌ನ ಡೇಟಾಬೇಸ್ ಕಡತದಲ್ಲಿ. ಡೇಟಾ ಉಳಿದರೂ ಯಾವ ವಿಎಂಗೆ ಎಷ್ಟು ಕೋರ್, ಯಾವ ನೆಟ್‌ವರ್ಕ್ ವಿಳಾಸ ಎಂಬುದು ಹೋಗುತ್ತದೆ. ವಿಎಂ ಬ್ಯಾಕಪ್ ತೆಗೆದಿದ್ದರೆ ಆ ವಿವರ ಅದರೊಳಗೆ ಸಿಗುತ್ತದೆ. ಆದರೆ ಹೋಸ್ಟ್‌ನ ನೆಟ್‌ವರ್ಕ್ ಬ್ರಿಡ್ಜ್‌ಗಳು, ಸ್ಟೋರೇಜ್ ಪಟ್ಟಿ, ಬ್ಯಾಕಪ್ ವೇಳಾಪಟ್ಟಿ ಅದರಲ್ಲಿ ಬರುವುದಿಲ್ಲ. ಇವೆಲ್ಲ ಕೆಲವೇ ಸಣ್ಣ ಕಡತಗಳು; ಪ್ರತಿ ರಾತ್ರಿ ಬೇರೊಂದು ಯಂತ್ರಕ್ಕೆ ತಾವಾಗಿಯೇ ನಕಲಾಗುವಂತೆ ಸರ್ವರ್ ಸ್ಥಾಪಿಸಿದ ದಿನವೇ ಏರ್ಪಾಡು ಮಾಡಿಡಬಹುದು.