ಒಂದು ಸೆಕೆಂಡಿನ ಸಿರಿವಂತಿಕೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಆರ್ಡುಯಿನೊ ಕಿಟ್ ಬಿಚ್ಚಿದರೆ ಒಳಗಿರುವುದು ಇಷ್ಟೇ: ಅಂಗೈಯಗಲದ ಬೋರ್ಡು, 830 ತೂತುಗಳ ಬ್ರೆಡ್‌ಬೋರ್ಡು, ಒಂದು ಹಿಡಿ ರೆಸಿಸ್ಟರ್, ನಾಲ್ಕಾರು ಎಲ್‌ಇಡಿ, ಬಣ್ಣಬಣ್ಣದ ವೈರು. 2005ರಲ್ಲಿ ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳ ಕೈಗೂ ಸಿಗಲಿ ಎಂದು ಹುಟ್ಟಿದ ಬೋರ್ಡಿದು. ಮೊದಲ ಪಾಠ ಎಲ್ಲ ಕಡೆಯೂ ಒಂದೇ. ಎಲ್‌ಇಡಿ ಒಂದು ಸೆಕೆಂಡು ಉರಿಯಬೇಕು, ಒಂದು ಸೆಕೆಂಡು ಆರಬೇಕು. ಆ ಒಂದು ಸೆಕೆಂಡಿನ ಜಮಾಖರ್ಚು ನೋಡೋಣ.

ಬೋರ್ಡು ಕೊಡುವುದು 5 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಂಡರೆ ಉಳಿದ 3 ವೋಲ್ಟ್ 220 ಓಮ್ ರೆಸಿಸ್ಟರ್‌ನ ಪಾಲಿಗೆ. ಹೈಸ್ಕೂಲಿನ ಓಮನ ನಿಯಮ ಹಚ್ಚಿದರೆ ವಿದ್ಯುತ್ತು ಹತ್ತಿರ ಹತ್ತಿರ 14 ಮಿಲಿಆಂಪಿಯರ್, ತೀರಾ ಚಿಲ್ಲರೆ. ಆದರೆ ಎಲೆಕ್ಟ್ರಾನ್ ಎಣಿಸಿದರೆ ಸೆಕೆಂಡಿಗೆ 85ರ ಮುಂದೆ 15 ಸೊನ್ನೆ. ಭೂಮಿಯ 800 ಕೋಟಿ ಜನರಿಗೆ ಹಂಚಿದರೂ ತಲೆಗೆ ಒಂದು ಕೋಟಿ ಬರುತ್ತದೆ. ದೀಪ ಮತ್ತೆ ಹೊತ್ತಿದಾಗ ಮತ್ತೊಂದು ಕೋಟಿ.

ಇಷ್ಟು ದೊಡ್ಡ ದಂಡು ಓಡುವ ವೇಗವೆಷ್ಟು? ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಅದು ಸೆಕೆಂಡಿಗೆ ಸರಾಸರಿ 5 ಮೈಕ್ರೋಮೀಟರ್ ಮುಂದೆ ಸರಿಯುತ್ತದೆ. ಹತ್ತು ಸೆಂಟಿಮೀಟರ್ ವೈರು ದಾಟಲು ಐದೂವರೆ ಗಂಟೆ! ಆದರೂ ದೀಪ ತಕ್ಷಣ ಹೊತ್ತುತ್ತದೆ, ಏಕೆಂದರೆ ತಂತಿಯುದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿವೆ. ತೇರಿನ ಹಗ್ಗದ ತುದಿ ಹಿಡಿದವರು ಒಂದು ಗೇಣು ಜಗ್ಗುತ್ತಲೇ ದೂರದ ಗಾಲಿ ಅಲುಗುವ ಹಾಗೆ, ಸಾಗಿ ಬರುವುದು ಎಳೆತವೇ ಹೊರತು ಎಳೆದವರಲ್ಲ.

ಇನ್ನು ಚಿಪ್ಪಿನ ಕಡೆ ಬರೋಣ. ಆರ್ಡುಯಿನೊ ಊನೊ ಮಾದರಿಯ ಬೋರ್ಡಿನ ಎಟಿಮೆಗಾ 328ಪಿ ಚಿಪ್ಪಿನ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಒಂದು ಮಿಡಿತದಲ್ಲಿ ಬೆಳಕು ಕೂಡ 19 ಮೀಟರ್ ದಾಟಲಾರದು. ಹಗಲೂ ರಾತ್ರಿ ನಿದ್ದೆಗೆಟ್ಟು ಸೆಕೆಂಡಿಗೊಂದರಂತೆ ಎಣಿಸುತ್ತ ಕೂತರೆ ಆ ಒಂದು ಸೆಕೆಂಡಿನ ಮಿಡಿತಗಳು ಮುಗಿಯಲು 185 ದಿನ ಬೇಕು. ದೀಪ ಹೊತ್ತಿಸಲು ಇಷ್ಟರಲ್ಲಿ ಖರ್ಚಾಗುವುದು ನೂರು ಮಿಡಿತಗಳೂ ಇಲ್ಲ. ಉಳಿದ ಅಷ್ಟೂ ಹೊತ್ತು ಚಿಪ್ಪು, ಪ್ರೋಗ್ರಾಮಿನಲ್ಲಿ ನಾವೇ ಬರೆದ 'ಡಿಲೇ' ಎಂಬ ಆಜ್ಞೆಗೆ ತಲೆಬಾಗಿ, ಹೊತ್ತಾಯಿತೇ, ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತ ಸುತ್ತುತ್ತಿರುತ್ತದೆ.

ಬೋರ್ಡಿಗೆ, ಎರಡು ಕಣ್ಣಿನಂತೆ ಕಾಣುವ ಅಲ್ಟ್ರಾಸಾನಿಕ್ ಸೆನ್ಸರ್ ಜೋಡಿಸಿದರೆ ಈ ವೇಗ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒಂದು ಸೆಂಟಿಮೀಟರ್ ದೂರದ ವಸ್ತುವಿಗೆ ಶಬ್ದ ಬಡಿದು ಮರಳಲು 58 ಮೈಕ್ರೋಸೆಕೆಂಡು. ಅಷ್ಟರಲ್ಲಿ ಚಿಪ್ಪು 928 ಸಲ ಮಿಡಿದಿರುತ್ತದೆ. ನಾಲ್ಕು ಮೀಟರ್ ಆಚೆಯ ಗೋಡೆಯ ಪ್ರತಿಧ್ವನಿ ಬರುವ ಹೊತ್ತಿಗೆ ಮೂರೂವರೆ ಲಕ್ಷ ದಾಟಿರುತ್ತದೆ.

ಸಮಯದಲ್ಲಿ ಇಷ್ಟು ಸಿರಿವಂತನಾದ ಚಿಪ್ಪು ಜಾಗದಲ್ಲಿ ಕಡುಬಡವ. ಪ್ರೋಗ್ರಾಮಿಗೆ 32 ಕಿಲೋಬೈಟ್, ಕೆಲಸ ಮಾಡುವಾಗಿನ ನೆನಪಿಗೆ ಬರೀ 2 ಕಿಲೋಬೈಟ್, ಅಂದರೆ 2048 ಬೈಟ್. ಯೂನಿಕೋಡಿನ ರೂಢಿಯ ಯುಟಿಎಫ್-8 ಬರಹದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ, ಗುಣಿತದ ಕೊಂಬಿಗೂ ದೀರ್ಘಕ್ಕೂ ಸೇರಿಸಿ, ಮೂರು ಬೈಟ್ ಬೇಕು. ಹಾಗಾಗಿ ಹಿಡಿಸುವುದು ಹೆಚ್ಚೆಂದರೆ 682 ಸಂಕೇತ. ನೀವು ಓದುತ್ತಿರುವ ಈ ಬರಹದ ಕಾಲು ಭಾಗವೂ ಅದರ ನೆನಪಿನಲ್ಲಿ ನಿಲ್ಲದು.

ಅಕ್ಷರ ಉಳಿಸಬೇಕು, ಕ್ಷಣ ಬಳಸಬೇಕು: ಮೈಕ್ರೋಕಂಟ್ರೋಲರ್ ಎಂಬ ಇಂಥ ಚಿಪ್ಪಿನ ಪ್ರೋಗ್ರಾಮಿಂಗ್‌ನ ಜಾಣ್ಮೆಯೆಲ್ಲ ಇಲ್ಲಿದೆ. ಕಲಿಯುವ ಹುಡುಗಿ ಒಂದು ದಿನ 'ಡಿಲೇ' ಅಳಿಸಿ 'ಮಿಲಿಸ್' ಬಳಸುತ್ತಾಳೆ. ಬೋರ್ಡಿಗೆ ಕರೆಂಟು ಬಂದಾಗಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತು ಎಂದು ಹೇಳುವ ಎಣಿಕೆ ಅದು. 49 ದಿನ 17 ಗಂಟೆಯಾದ ಮೇಲಷ್ಟೇ ಸೊನ್ನೆಗೆ ಮರಳುತ್ತದೆ. ಈಗ ಚಿಪ್ಪು ಕಾಯುತ್ತ ನಿಲ್ಲುವುದಿಲ್ಲ, ಆಗಾಗ ಗಡಿಯಾರ ನೋಡಿ ಬೇರೆ ಕೆಲಸಕ್ಕೆ ಹೋಗುತ್ತದೆ. ಅದೇ ಬೋರ್ಡು ಅದೇ ಸೆಕೆಂಡಿನಲ್ಲಿ ದೀಪ ಮಿಣುಕಿಸುತ್ತದೆ, ಹತ್ತು ಸಲ ದೂರ ಅಳೆಯುತ್ತದೆ, ಐವತ್ತು ಸಲ ಬೆಳಕು ಓದುತ್ತದೆ, ಪುಟ್ಟ ಸರ್ವೊ ಮೋಟರ್ ತಿರುಗಿಸುತ್ತದೆ. ಇಷ್ಟೆಲ್ಲ ಮುಗಿದ ಮೇಲೂ ಆ 1 ಕೋಟಿ 60 ಲಕ್ಷದಲ್ಲಿ ಉಳಿತಾಯದ ಪಾಲೇ ಹೆಚ್ಚು.