‘ಇಂಪೋರ್ಟೆಡ್’ ಕಾರು ನಿಜಕ್ಕೂ ಗಟ್ಟೀನಾ?

ಹೊಸ ಕಾರು ತಗೊಳ್ಳೋಕೆ ಹೊರಟವರ ಮನೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: ‘ಇದು ಎಲ್ಲಿ ತಯಾರಾಗಿದ್ದು?’ ಮಾವ ಕೇಳ್ತಾರೆ, ಪಕ್ಕದ ಮನೆಯವರು ಕೇಳ್ತಾರೆ, ಆಫೀಸಿನ ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಗೆಳೆಯರೂ ಕೇಳ್ತಾರೆ. ಜರ್ಮನಿ, ಜಪಾನ್ ಅಂದ್ರೆ ತಲೆದೂಗ್ತಾರೆ. ಚೆನ್ನೈ, ಪುಣೆ, ಬಿಡದಿ ಅಂದ್ರೆ ‘ಓ, ಇಲ್ಲೇ ಜೋಡಿಸಿದ್ದಾ?’ ಅಂತ ರಾಗ ಎಳೀತಾರೆ. ಆಮೇಲೆ ಬಾನೆಟ್ ಮೇಲೆ ಬೆರಳಿಂದ ಟಕ್ ಟಕ್ ಅಂತ ಬಡಿದು, ಬಾಗಿಲನ್ನು ಧಡ್ ಅಂತ ಹಾಕಿ ತೀರ್ಪು ಕೊಟ್ಟುಬಿಡ್ತಾರೆ.

ಮನೆ ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಮಾಡೋ ದೊಡ್ಡ ಖರ್ಚು ಕಾರು. ಐದೋ ಏಳೋ ವರ್ಷ ಇಎಂಐ ಕಟ್ಟಬೇಕು. ಹಿಂದಿನ ಸೀಟಿನಲ್ಲಿ ಮಕ್ಕಳು, ಅಪ್ಪ ಅಮ್ಮ ಕೂರ್ತಾರೆ. ಹಾಗಾಗಿ ಗಟ್ಟಿತನದ ಪ್ರಶ್ನೆ ಕೇಳೋದು ಸರಿಯೇ. ಆದರೆ ‘ಯಾವ ದೇಶದ್ದು’ ಅಂತ ಕೇಳಿದ್ರೆ ಸರಿಯಾದ ಉತ್ತರ ಸಿಗುತ್ತಾ? ಸ್ವಲ್ಪ ನೋಡೋಣ.

ಈ ನಂಬಿಕೆ ಬಂದಿದ್ದೆಲ್ಲಿಂದ?

ಇದು ಸುಮ್ಮನೆ ಹುಟ್ಟಿದ ನಂಬಿಕೆ ಅಲ್ಲ. ನಮ್ಮ ತಂದೆಯವರ ಕಾಲದಲ್ಲಿ ಆಯ್ಕೆ ಇದ್ದದ್ದೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಎರಡು ಮೂರು ಕಾರು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಮಾಡಿದ್ದೆಲ್ಲ ಮಾರಾಟ ಆಗುತ್ತೆ ಅಂದ್ಮೇಲೆ ಚೆನ್ನಾಗಿ ಮಾಡಬೇಕು ಅನ್ನೋ ಒತ್ತಡ ಯಾರಿಗಿತ್ತು? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಶುರುವಿನ ಕಾರುಗಳು ಜಪಾನಿನಿಂದ ಬಂದ ಬಿಡಿಭಾಗಗಳನ್ನು ಗುರುಗ್ರಾಮದಲ್ಲಿ ಜೋಡಿಸಿದವು. ‘ಮೊದಲನೇ ಲಾಟಿನ ಮಾರುತಿ ಇದ್ಹಾಗೆ ಆಮೇಲಿನದ್ದು ಇರಲಿಲ್ಲ’ ಅನ್ನೋ ಮಾತನ್ನ ಹಳೇ ಮೆಕಾನಿಕ್‌ಗಳ ಬಾಯಲ್ಲಿ ಇವತ್ತಿಗೂ ಕೇಳಬಹುದು. ಆದ್ರೆ ಅದೇ ಮಾರುತಿ 1987ರಲ್ಲೇ ಹಂಗೇರಿಗೆ 500 ಕಾರು ರಫ್ತು ಮಾಡಿತ್ತು ಅನ್ನೋದು ನೆನಪಿರುವವರು ಕಡಿಮೆ.

ಅಂದ್ರೆ ಆಗ ಕಂಡ ವ್ಯತ್ಯಾಸ ನಿಜವೇ. ಅದಕ್ಕೆ ಕಾರಣ ಸ್ಪರ್ಧೆ ಇಲ್ಲದ ಮಾರುಕಟ್ಟೆ. ನಾವು ಮಾತ್ರ ಅದನ್ನು ‘ನಮ್ಮವರ ಕೈಕೆಲಸವೇ ಅಷ್ಟು’ ಅಂತ ಅರ್ಥ ಮಾಡಿಕೊಂಡ್ವಿ.

ಒಂದೇ ಕಾರ್ಖಾನೆ, ಅದೇ ಜನ

ಕೈಕೆಲಸದ ಪ್ರಶ್ನೆಗೆ ಅಮೆರಿಕದಲ್ಲಿ ಒಂದು ಒಳ್ಳೆ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಇತ್ತು. ಕಂಪನಿಯ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಅನ್ನೋ ಹೆಸರು ಅದಕ್ಕೆ. ಸುಮಾರು ಐವರಲ್ಲಿ ಒಬ್ಬರು ಕೆಲಸಕ್ಕೆ ಗೈರು, ಡ್ಯೂಟಿ ಮೇಲೇ ಕುಡಿತ, ಆಡಳಿತದ ಜತೆ ನಿತ್ಯ ಜಗಳ. 1982ರಲ್ಲಿ ಬಾಗಿಲು ಹಾಕಿದ್ರು.

1984ರಲ್ಲಿ ಟೊಯೋಟಾ ಜತೆ ಸೇರಿ ಅದೇ ಕಟ್ಟಡವನ್ನು ನುಮ್ಮಿ ಅನ್ನೋ ಹೆಸರಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ತಗೊಂಡಿದ್ದು ಬಹುಪಾಲು ಹಳೇ ಕಾರ್ಮಿಕರನ್ನೇ. ಅದೇ ಜನ, ಅದೇ ಯೂನಿಯನ್. ನೂರಾರು ಜನರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. ಲೈನಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದ್ದರು, ಅಂಡಾನ್ ಅಂತ ಅದರ ಹೆಸರು. ಯಾವುದೇ ಕಾರ್ಮಿಕ ತಪ್ಪು ಕಂಡ ಕೂಡಲೇ ಅದನ್ನ ಎಳೆಯಬಹುದು. ಮೇಲ್ವಿಚಾರಕ ಓಡಿ ಬರ್ತಾನೆ, ಸರಿ ಹೋಗದಿದ್ದರೆ ಲೈನೇ ನಿಲ್ಲುತ್ತೆ. ಹಳೇ ಪದ್ಧತಿಯಲ್ಲಿ ಲೈನ್ ನಿಲ್ಲಿಸೋದು ಮಹಾಪರಾಧ. ತಪ್ಪು ಕಂಡ್ರೂ ಮುಂದಕ್ಕೆ ತಳ್ಳು, ಕೊನೆಗೆ ಯಾರೋ ರಿಪೇರಿ ಮಾಡ್ತಾರೆ ಅನ್ನೋ ಲೆಕ್ಕ.

ಕೆಲವೇ ವರ್ಷಗಳಲ್ಲಿ ಫ್ರೀಮಾಂಟ್‌ನ ಕಾರುಗಳ ಗುಣಮಟ್ಟ ಜಪಾನಿನ ಟೊಯೋಟಾ ಕಾರ್ಖಾನೆಯ ಹತ್ತಿರ ಬಂತು. ಎಂಐಟಿ ಸಂಶೋಧಕರು ಹಲವು ದೇಶಗಳ ಕಾರ್ಖಾನೆಗಳನ್ನು ಹೋಲಿಸಿ 1990ರಲ್ಲಿ ಒಂದು ಪುಸ್ತಕ ಬರೆದರು. ದೊಡ್ಡ ಪ್ರಮಾಣದಲ್ಲಿ ಕಾರು ಮಾಡುವ ಕಾರ್ಖಾನೆಗಳ ಪೈಕಿ ಜೋಡಣೆಯ ಗುಣಮಟ್ಟದಲ್ಲಿ ಅವರಿಗೆ ಅತ್ಯುತ್ತಮ ಅನ್ನಿಸಿದ್ದು ಜಪಾನಿನದ್ದಲ್ಲ, ಮೆಕ್ಸಿಕೋದ ಎರ್ಮೊಸಿಯೊದಲ್ಲಿದ್ದ ಫೋರ್ಡ್ ಕಾರ್ಖಾನೆ!

ಫ್ರೀಮಾಂಟ್ ಕಥೆ ಅಲ್ಲಿಗೇ ಮುಗಿಯಲ್ಲ. 2010ರಲ್ಲಿ ನುಮ್ಮಿ ಮುಚ್ಚಿತು, ಟೆಸ್ಲಾ ಆ ಜಾಗ ಕೊಂಡಿತು. 2018ರ ಸುಮಾರಿಗೆ ಅಲ್ಲಿಂದ ಬಂದ ಮಾಡೆಲ್ 3 ಕಾರುಗಳಲ್ಲಿ ಬಾಗಿಲು, ಡಿಕ್ಕಿ ಸಂದುಗಳು ಸಮ ಇಲ್ಲ ಅಂತ ದೂರು ಬಂದವು. ಒಂದೇ ಊರು, ಒಂದೇ ಕಟ್ಟಡ, ಮೂರು ಕಾಲದಲ್ಲಿ ಮೂರು ಥರದ ಹೆಸರು. ದೇಶ ಮಾತ್ರ ಬದಲಾಗಲಿಲ್ಲ.

ಒಂದೇ ಲೈನು, ಬೇರೆ ಬೇರೆ ಕಾರು

ಈಗ ನಮ್ಮ ದೇಶಕ್ಕೆ ಬರೋಣ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೊ, ಫಿಗೊ, ಐ10, ಪೋಲೊ. ದೊಡ್ಡವರ ಸುರಕ್ಷತೆಯಲ್ಲಿ ಐದಕ್ಕೂ ಸೊನ್ನೆ ಸ್ಟಾರ್. ‘ನೋಡಿದ್ರಾ, ಇಂಡಿಯಾದಲ್ಲಿ ಮಾಡಿದ್ದು’ ಅಂತ ಎಲ್ಲರೂ ಅಂದ್ರು.

ಆದರೆ ಆ ವರದಿಯಲ್ಲಿ ಇನ್ನೊಂದು ವಿಷಯ ಇತ್ತು. ಪೋಲೊ ಮತ್ತು ಫಿಗೊ ಕಾರಿನ ದೇಹ ಗುದ್ದನ್ನು ತಡೆದುಕೊಂಡಿತ್ತು. ಇಲ್ಲದೇ ಇದ್ದದ್ದು ಏರ್‌ಬ್ಯಾಗ್. ಫೋಕ್ಸ್‌ವ್ಯಾಗನ್ ಏರ್‌ಬ್ಯಾಗ್ ಇಲ್ಲದ ಪೋಲೊ ಮಾರೋದನ್ನೇ ನಿಲ್ಲಿಸಿತು. ಎರಡು ಏರ್‌ಬ್ಯಾಗ್ ಇರುವ ಪೋಲೊವನ್ನು ಪರೀಕ್ಷಿಸಿದಾಗ ನಾಲ್ಕು ಸ್ಟಾರ್ ಬಂತು. ಎರಡೂ ಕಾರು ಪುಣೆ ಹತ್ತಿರದ ಚಾಕಣ್‌ನವೇ. ಸೊನ್ನೆಯಿಂದ ನಾಲ್ಕಕ್ಕೆ ಹೋಗಲು ಕಾರ್ಮಿಕರನ್ನು ಬದಲಾಯಿಸಬೇಕಾಗಲಿಲ್ಲ, ದೇಶ ಬದಲಾಯಿಸಬೇಕಾಗಲಿಲ್ಲ.

ಐ10 ಕಥೆ ಇನ್ನೂ ಸ್ವಾರಸ್ಯಕರ. ಮೊದಲ ತಲೆಮಾರಿನ ಐ10 ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನಿಂದಲೇ ಯುರೋಪಿಗೆ ಹೋಗ್ತಿತ್ತು. 2008ರಲ್ಲಿ ಯುರೋ ಎನ್‌ಕ್ಯಾಪ್‌ನಲ್ಲಿ ಅದಕ್ಕೆ ನಾಲ್ಕು ಸ್ಟಾರ್. ಆ ಪರೀಕ್ಷೆ ಬೇರೆ, ಈ ಪರೀಕ್ಷೆ ಬೇರೆ, ನೇರ ಹೋಲಿಕೆ ಸಲ್ಲದು. ಆದರೂ ಒಂದು ವಿಷಯ ಸ್ಪಷ್ಟ: ಯುರೋಪಿನ ಗ್ರಾಹಕನಿಗೆ ಏರ್‌ಬ್ಯಾಗ್ ಹಾಕಿ ಕಳಿಸಲು ಬರುತ್ತಿದ್ದ ಕಾರ್ಖಾನೆಗೆ ನಮ್ಮ ಬೇಸ್ ಮಾಡೆಲ್‌ಗೆ ಹಾಕಲು ಬರೋದಿಲ್ಲ ಅಂತೇನಿರಲಿಲ್ಲ. ನಮ್ಮ ಕಾನೂನು ಕೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಚಾಲಕನಿಗೆ ಒಂದು ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈ 1ರಿಂದ.

ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥ ಆಗುತ್ತೆ. ಕೋಡ್ ಒಂದೇ, ಟೀಮ್ ಒಂದೇ. ಒಬ್ಬ ಕ್ಲೈಂಟ್‌ಗೆ ಎಲ್ಲ ಫೀಚರ್ ಆನ್, ಇನ್ನೊಬ್ಬನಿಗೆ ಅರ್ಧ ಆಫ್. ಆಫ್ ಆಗಿದ್ದನ್ನು ನೋಡಿ ‘ಈ ಟೀಮಿಗೆ ಕೆಲಸ ಬರಲ್ಲ’ ಅಂದ್ರೆ ಹೇಗೆ? ಕಾರು ಎಲ್ಲಿ ತಯಾರಾಯ್ತು ಅನ್ನೋದಕ್ಕಿಂತ ಯಾವ ಮಾರುಕಟ್ಟೆಗೆ ಅಂತ ತಯಾರಾಯ್ತು ಅನ್ನೋದೇ ಹೆಚ್ಚು ಹೇಳುತ್ತೆ.

ಜಪಾನಿಗೇ ಹೊರಟ ನಮ್ಮ ಕಾರು

ಈಗ ಗಾಳಿ ಉಲ್ಟಾ ಬೀಸ್ತಿದೆ. ಹೋಂಡಾದ ಎಲಿವೇಟ್ ರಾಜಸ್ಥಾನದ ಟಪುಕರಾದಲ್ಲಿ ತಯಾರಾಗಿ, 2024ರಿಂದ ಜಪಾನಿನಲ್ಲಿ ಡಬ್ಲ್ಯುಆರ್-ವಿ ಅನ್ನೋ ಹೆಸರಲ್ಲಿ ಮಾರಾಟ ಆಗ್ತಿದೆ. ಸುಜುಕಿಯ ಐದು ಬಾಗಿಲಿನ ಜಿಮ್ನಿ ತಯಾರಾಗೋದು ಗುರುಗ್ರಾಮದಲ್ಲಿ. 2025ರ ಜನವರಿ ಕೊನೆಗೆ ಜಪಾನಿನಲ್ಲಿ ನೊಮಾಡ್ ಹೆಸರಲ್ಲಿ ಬಿಡುಗಡೆಯಾಯ್ತು. ತಿಂಗಳಿಗೆ 1,200 ಕಾರು ಸಾಕು ಅಂತ ಕಂಪನಿ ಅಂದುಕೊಂಡಿತ್ತು. ಕೆಲವೇ ದಿನಗಳಲ್ಲಿ ಸುಮಾರು 50,000 ಆರ್ಡರ್ ಬಂದು ಬುಕಿಂಗ್ ನಿಲ್ಲಿಸಬೇಕಾಯ್ತು. ‘ಜಪಾನ್ ಕ್ವಾಲಿಟಿ’ ಅಂತ ನಾವು ಯಾರನ್ನು ಹೊಗಳ್ತೀವೋ ಅವರೇ ಹರಿಯಾಣದ ಕಾರಿಗೆ ಕ್ಯೂ ನಿಂತರು.

ನಮ್ಮ ಬಿಡದಿಯಲ್ಲೂ ಟೊಯೋಟಾ 1999ರಿಂದ ಕಾರು ಮಾಡ್ತಿದೆ. ಕ್ವಾಲಿಸ್‌ನಿಂದ ಶುರುವಾಗಿ ಇನೋವಾವರೆಗೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಟ್ಯಾಕ್ಸಿ ಇನೋವಾದಲ್ಲಿ ಏರ್‌ಪೋರ್ಟಿಗೆ ಹೋಗದ ಬೆಂಗಳೂರಿಗರು ಯಾರಿದ್ದಾರೆ? ಅದು ಗಟ್ಟಿ ಗಾಡಿ ಅನ್ನೋವಾಗ ಮಾತ್ರ ಅದು ರಾಮನಗರದ ಪಕ್ಕದಲ್ಲಿ ಹುಟ್ಟಿದ್ದು ಅಂತ ಯಾರಿಗೂ ನೆನಪಾಗಲ್ಲ.

ಹಾಗಾದ್ರೆ ದೇಶಕ್ಕೆ ಲೆಕ್ಕವೇ ಇಲ್ವಾ?

ಇದೆ, ಆದರೆ ನಾವು ಅಂದುಕೊಂಡ ಹಾಗಲ್ಲ. ಮೊದಲನೆಯದು, ಕಾರು ಮಾರಾಟವಾಗುವ ದೇಶದ ಕಾನೂನು. ಅದು ಕೇಳಿದಷ್ಟನ್ನು ಕಂಪನಿ ಕೊಡಲೇಬೇಕು.

ಎರಡನೆಯದು, ಕಾರ್ಖಾನೆಯ ಅನುಭವ. ಹೊಸ ಕಾರ್ಖಾನೆ, ಹೊಸ ಮಾಡೆಲ್, ಏಕಾಏಕಿ ಹೆಚ್ಚಿದ ಉತ್ಪಾದನೆ ಇವು ಮೂರೂ ಸೇರಿದ್ರೆ ಯಾವ ದೇಶದಲ್ಲಾದ್ರೂ ತಪ್ಪು ಜಾಸ್ತಿ. ಉತ್ಪಾದನೆ ವೇಗವಾಗಿ ಏರುತ್ತಿರುವಾಗ ಗುಣಮಟ್ಟ ಕಾಪಾಡೋದು ಕಷ್ಟ ಅಂತ ಇಲಾನ್ ಮಸ್ಕ್ ಅವರೇ 2021ರಲ್ಲಿ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡಿದ್ದರು.

ಮೂರನೆಯದು, ಬಿಡಿಭಾಗ ಕೊಡುವವರು. ಟಕಾಟಾ ಅನ್ನೋದು ಜಪಾನಿನ ಕಂಪನಿ. ಅದರ ಏರ್‌ಬ್ಯಾಗ್‌ಗಳು ಅಮೆರಿಕ, ಜಪಾನ್, ಜರ್ಮನಿಯ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳ ಕಾರಿನಲ್ಲಿದ್ದವು. ಒಳಗೆ ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು, ತೇವಾಂಶಕ್ಕೆ ಕೆಟ್ಟು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿದು ಜನ ಸತ್ತರು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ವಾಪಸ್ ಕರೆಸಬೇಕಾಯ್ತು. ಕಾರು ಎಷ್ಟೇ ನೀಟಾಗಿ ಜೋಡಿಸಿದ್ದರೂ ಇದನ್ನು ತಡೆಯಲು ಆಗ್ತಿರಲಿಲ್ಲ.

ಇನ್ನು ಹೊರಗಿನಿಂದ ಪೂರ್ತಿಯಾಗಿ ಬರೋ ಕಾರು ಅಷ್ಟು ದುಬಾರಿ ಯಾಕೆ? ಉಕ್ಕು ದಪ್ಪ ಅಂತಲ್ಲ, ಬಹುಪಾಲು ಸುಂಕ. ಪೂರ್ತಿ ಕಾರು ತರಿಸಿದ್ರೆ ಸುಂಕ ಹಲವು ವರ್ಷ ಶೇ 60ರಿಂದ 100ರ ಮಟ್ಟದಲ್ಲಿತ್ತು. ಬಿಡಿಭಾಗ ತಂದು ಇಲ್ಲಿ ಜೋಡಿಸಿದ್ರೆ ಅದರ ಒಂದು ಸಣ್ಣ ಪಾಲು. ಅದಕ್ಕೇ ಬಿಎಂಡಬ್ಲ್ಯು ಚೆನ್ನೈನಲ್ಲಿ, ಮರ್ಸಿಡಿಸ್ ಚಾಕಣ್‌ನಲ್ಲಿ ಕಾರು ಜೋಡಿಸೋದು.

ಟಕ್ ಟಕ್ ಪರೀಕ್ಷೆ ಬಿಡಿ

ಬಾನೆಟ್ ಮತ್ತು ಬಾಗಿಲಿನ ಹೊರತಗಡು ನಿಮ್ಮನ್ನು ಕಾಪಾಡೋದಲ್ಲ. ಒಳಗಿನ ಕಂಬಗಳು, ಅಡ್ಡಪಟ್ಟಿಗಳು, ಅಲ್ಲಿ ಬಳಸಿದ ಹೈ ಸ್ಟ್ರೆಂಗ್ತ್ ಸ್ಟೀಲ್ ಕಾಪಾಡುತ್ತೆ. ಅದು ತೆಳ್ಳಗಿದ್ರೂ ಗಟ್ಟಿ, ಬೆರಳಿಗೆ ಸಿಗಲ್ಲ. ಮುಂಭಾಗ ನಜ್ಜುಗುಜ್ಜಾದ್ರೆ ಗಾಬರಿ ಬೇಡ, ಗುದ್ದಿನ ಶಕ್ತಿ ಹೀರಲು ಅದನ್ನು ಹಾಗೇ ಮಾಡಿರ್ತಾರೆ. ಬಾಗಿಲಿನ ‘ಧಡ್’ ಸದ್ದಂತೂ ರಬ್ಬರ್ ಸೀಲ್, ಲಾಕ್, ಒಳಗೆ ಅಂಟಿಸಿದ ಡ್ಯಾಂಪಿಂಗ್ ಶೀಟ್‌ಗಳಿಂದ ಎಂಜಿನಿಯರ್‌ಗಳು ಬೇಕೆಂದೇ ತರಿಸೋ ಸದ್ದು.

ಶೋರೂಮಿಗೆ ಹೋಗುವ ಮುಂಚೆ ಇಷ್ಟು ಮಾಡಿ:

• ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸ್ಟಾರ್ ಎಷ್ಟು ಅಂತಷ್ಟೇ ನೋಡಬೇಡಿ. ಪರೀಕ್ಷೆ ಮಾಡಿದ ವೇರಿಯಂಟ್ ಯಾವುದು, ಅದರಲ್ಲಿದ್ದ ಏರ್‌ಬ್ಯಾಗ್ ಎಷ್ಟು, ನೀವು ತಗೊಳ್ಳೋದರಲ್ಲಿ ಎಷ್ಟು ಅಂತ ನೋಡಿ.

• ಹೊಚ್ಚ ಹೊಸ ಮಾಡೆಲ್ ಆದ್ರೆ, ಅವಸರ ಇಲ್ಲದಿದ್ರೆ ಕೆಲವು ತಿಂಗಳು ಕಾಯಿರಿ. ಮೊದಲ ಬ್ಯಾಚಿನ ತಪ್ಪುಗಳು ಅಷ್ಟರಲ್ಲಿ ಹೊರಬಂದಿರುತ್ತವೆ.

• ನೋಂದಣಿಗೆ ಮುಂಚೆಯೇ ಕಾರನ್ನು ಹಗಲು ಬೆಳಕಲ್ಲಿ ನೋಡಿ. ಬಾಗಿಲು, ಬಾನೆಟ್ ಸಂದುಗಳು ಎರಡೂ ಬದಿ ಸಮ ಇವೆಯಾ, ಪೇಂಟ್ ಬಣ್ಣ ಎಲ್ಲ ಕಡೆ ಒಂದೇ ಇದೆಯಾ, ರಬ್ಬರ್ ಸೀಲ್ ಸರಿಯಾಗಿ ಕೂತಿದೆಯಾ ಅಂತ ಗಮನಿಸಿ. ನೋಂದಣಿ ಆದ್ಮೇಲೆ ನಿಮ್ಮ ಮಾತಿಗೆ ಬೆಲೆ ಕಡಿಮೆ.

• ಟೈರ್ ಮೇಲೆ ನಾಲ್ಕಂಕಿಯ ದಿನಾಂಕ ಇರುತ್ತೆ. 2325 ಅಂದ್ರೆ 2025ರ 23ನೇ ವಾರ. ಕಾರು ಯಾರ್ಡಿನಲ್ಲಿ ಎಷ್ಟು ದಿನ ಬಿಸಿಲಲ್ಲಿ ನಿಂತಿತ್ತು ಅಂತ ಅಂದಾಜು ಸಿಗುತ್ತೆ.

• ಚಾಸಿಸ್ ನಂಬರಿನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಮೊದಲ ಅಕ್ಷರ ಜೆ ಆದ್ರೆ ಜಪಾನ್, ಡಬ್ಲ್ಯು ಆದ್ರೆ ಜರ್ಮನಿ, ಎಂಎಯಿಂದ ಎಂಇವರೆಗೆ ಭಾರತ. ಕುತೂಹಲಕ್ಕೆ ನೋಡಿ. ಆದರೆ ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ರಿಕಾಲ್ ಏನಾದ್ರೂ ಇದೆಯಾ ಅಂತ ಪರೀಕ್ಷಿಸೋದು ಹೆಚ್ಚು ಉಪಯೋಗ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕಾರಿಗೆ.

ಮುಂದಿನ ಸಲ ಸೇಲ್ಸ್‌ನವರು ‘ಸರ್, ಇದು ಯುರೋಪಿಯನ್ ಬಿಲ್ಡ್’ ಅಂದಾಗ ಸುಮ್ಮನೆ ಒಂದು ಪ್ರಶ್ನೆ ಕೇಳಿ: ‘ಯುರೋಪಿನಲ್ಲಿ ಮಾರೋ ಇದೇ ಕಾರಿನಲ್ಲಿ ಏನೇನಿದೆ, ಈ ವೇರಿಯಂಟಿನಲ್ಲಿ ಏನೇನಿಲ್ಲ?’ ಉತ್ತರ ಬರೋಕೆ ಸ್ವಲ್ಪ ತಡ ಆಗಬಹುದು. ಕಾಯಿರಿ. ಗ್ರಾಹಕರು ಕೇಳ್ತಾ ಇದ್ರೆ ಮಾತ್ರ ಬೇಸ್ ಮಾಡೆಲ್‌ಗಳೂ ಸುಧಾರಿಸೋದು.