ಐದನೆಯ ಸಾಲಿನ ಹೆಸರು

ನಮ್ಮ ಆಲ್ದೂರಿನ ಸುತ್ತಣ ತೋಟಗಳಲ್ಲಿ ಸಮತಲವಾದ ನೆಲವೆಂಬುದು ಎರಡೇ ಎಡೆಗಳಲ್ಲಿ ದೊರೆಯುತ್ತದೆ: ಒಂದು ಭತ್ತದ ಗದ್ದೆಯಲ್ಲಿ, ಮತ್ತೊಂದು ಕಾಫಿಯ ಕಣದಲ್ಲಿ. ಉಳಿದುದೆಲ್ಲ ಏರು, ಇಳಿಜಾರು, ಹಳ್ಳ, ಸಿಲ್ವರ್ ಮರಗಳ ನೆರಳು. ಆದುದರಿಂದ ಇಲ್ಲಿಯ ಮಕ್ಕಳ ಕ್ರಿಕೆಟ್ಟು, ಕೊಯ್ಲು ಮುಗಿದು ಕಣ ಬರಿದಾದ ದಿನದಿಂದ ಮುಂಗಾರು ಹಿಡಿದು ಕಣದ ಮೇಲೆ ಪಾಚಿ ಕಟ್ಟುವ ದಿನದವರೆಗೆ, ವರ್ಷಕ್ಕೆ ಮೂರೋ ನಾಲ್ಕೋ ತಿಂಗಳ ವೈಭವ. ಚೆಂಡು ಕಣದ ಅಂಚನ್ನು ಮೀರಿ ರೊಬಸ್ಟ ಗಿಡಗಳ ದಟ್ಟಣೆಯೊಳಕ್ಕೆ ನೇರವಾಗಿ ಹಾರಿದರೆ ಹೊಡೆದವನು ಔಟು ಎಂಬುದು ನಮ್ಮ ಕಣದ ಶಾಸ್ತ್ರ. ಹಾಗೆ ಹಾರಿಹೋದ ಚೆಂಡನ್ನು ಇಂಬಳ ಹತ್ತಿಸಿಕೊಂಡು ಹುಡುಕಿ ಹೆಕ್ಕಿ ತರತಕ್ಕ ಕೆಲಸವು, ನಾನು ಕಂಡ ಬಹುಕಾಲದವರೆಗೆ, ಕಣದ ಕಟ್ಟೆಯ ಮೇಲೆ ತಮ್ಮಂದಿರನ್ನು ಎತ್ತಿಕೊಂಡು ಕುಳಿತಿರುತ್ತಿದ್ದ ಹೆಣ್ಣುಮಕ್ಕಳದಾಗಿತ್ತು. ಬ್ಯಾಟು ಅವರ ಕೈಗೆ ಬಂದುದನ್ನು ನಾನು ಆಗ ಕಂಡುದಿಲ್ಲ.

2025ರ ಜುಲೈ 25ರಂದು, ಪುಷ್ಯ ಮಳೆ ಹಿಡಿದು ಬಿಡದೆ ಹೊಯ್ಯುತ್ತಿದ್ದ ಹೊತ್ತಿನಲ್ಲಿ, ಕಡೂರಿನ ವೇದಾ ಕೃಷ್ಣಮೂರ್ತಿಯವರು ಕ್ರಿಕೆಟ್ಟಿನಿಂದ ನಿವೃತ್ತರಾದರೆಂಬ ವಾರ್ತೆ ಬಂದಿತು. ಭಾರತದ ಪರವಾಗಿ 48 ಏಕದಿನ ಪಂದ್ಯಗಳು, ಅವುಗಳಲ್ಲಿ 829 ರನ್ನುಗಳು, ಎಂಟು ಅರ್ಧಶತಕಗಳು. ಇಪ್ಪತ್ತು ಓವರುಗಳ 76 ಪಂದ್ಯಗಳು, ಅವುಗಳಲ್ಲಿ 875 ರನ್ನುಗಳು. ಹದಿನಾಲ್ಕು ವರ್ಷಗಳ ಒಂದು ಬಾಳು ಈ ನಾಲ್ಕಾರು ಅಂಕಿಗಳೊಳಗೆ ಅಡಕವಾಗಿ ಹೋದಂತೆ ತೋರಿತು. ಅಂಕಿಗಳು ನಿಜವೇ, ಆದರೆ ಅವುಗಳನ್ನು ಓದುವ ಬಗೆಯೊಂದಿದೆ, ಆ ಬಗೆಯನ್ನರಿಯದೆ ಓದಿದವರು ಈಕೆಯನ್ನು ಸಾಧಾರಣರ ಗುಂಪಿಗೆ ಸೇರಿಸಿಬಿಟ್ಟಾರೆಂಬ ಆತಂಕವೇ ನನ್ನಿಂದ ಈ ಲೇಖನವನ್ನು ಬರೆಯಿಸುತ್ತಿದೆ.

ಕಡೂರು ನಮ್ಮ ಜಿಲ್ಲೆಯದೇ. ಒಂದು ಕಾಲದಲ್ಲಿ ಇಡಿಯ ಜಿಲ್ಲೆಗೇ ಆ ಊರಿನ ಹೆಸರಿದ್ದಿತು. ಆದರೂ ಆಲ್ದೂರಿನಿಂದ ಹೊರಟವನು ಚಿಕ್ಕಮಗಳೂರನ್ನು ದಾಟಿ ಪೂರ್ವಕ್ಕೆ ಸುಮಾರು ನಾಲ್ವತ್ತು ಕಿಲೋಮೀಟರು ಸಾಗುವಷ್ಟರಲ್ಲಿ ಕಾಫಿ ಮುಗಿದು, ಮೋಡ ತೆಳುವಾಗಿ, ತೆಂಗು ಅಡಕೆ ರಾಗಿಗಳ ಬಯಲುಸೀಮೆ ಎದುರಾಗುತ್ತದೆ. ಅಲ್ಲಿ ನೆಲ ವಿಶಾಲ, ಆಕಾಶ ವಿಶಾಲ; ಅದಕ್ಕಿಂತ ಹೆಚ್ಚಾಗಿ ಅಲ್ಲಿ ರೈಲು ಉಂಟು. ಬೆಂಗಳೂರು–ಹುಬ್ಬಳ್ಳಿಗಳ ಹಾದಿಯಲ್ಲಿ ಕಡೂರು ಬಹುಕಾಲದ ನಿಲ್ದಾಣ. ಚಿಕ್ಕಮಗಳೂರಿಗೆ ಅಲ್ಲಿಂದ ರೈಲು ಬಂದುದಾದರೋ 2013ರಲ್ಲಿ. 1992ರ ಅಕ್ಟೋಬರ್ 16ರಂದು ಹುಟ್ಟಿದ ವೇದಾ ಬೆಳೆದುದು ಇಂತಹ ಊರಿನ ಬೀದಿಯಲ್ಲಿ, ಗಂಡುಹುಡುಗರೊಡನೆ ಚೆಂಡಾಡುತ್ತ. ಮೂರರ ಎಳವೆಯಲ್ಲಿಯೇ ಆಕೆಗೆ ಕರಾಟೆಯ ಪಾಠ ಮೊದಲಾಗಿ, ಹನ್ನೆರಡನೆಯ ವಯಸ್ಸಿಗೆ ಬ್ಲ್ಯಾಕ್ ಬೆಲ್ಟ್ ದೊರೆತಿತ್ತು. ಮುಂದೆ ಮೈದಾನದಲ್ಲಿ ಆಕೆಯ ಕಾಲ್ಗಳ ಲಾಘವವನ್ನೂ, ಚೆಂಡಿನ ಮೇಲೆರಗಿ ಹಿಡಿಯುವ ಚುರುಕನ್ನೂ ಕಂಡವರಿಗೆ ಆ ಬಾಲ್ಯದ ಅಭ್ಯಾಸವು ವ್ಯರ್ಥವಾಗಲಿಲ್ಲವೆಂಬುದು ತಾನಾಗಿಯೇ ಹೊಳೆಯುತ್ತಿತ್ತು.

2005ರಲ್ಲಿ, ಹದಿಮೂರರ ಹೊಸ್ತಿಲಿನಲ್ಲಿ, ಆಕೆ ಬೆಂಗಳೂರಿಗೆ ಹೋಗಿ ಇರ್ಫಾನ್ ಸೇಟ್ ಅವರ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ಟನ್ನು ಸೇರಿದರು. ಹೆಣ್ಣುಮಗಳೊಬ್ಬಳನ್ನು ಓದಿಗಾಗಿ ಪಟ್ಟಣಕ್ಕೆ ಕಳಿಸುವುದಕ್ಕೇ ಹತ್ತು ಸಲ ಯೋಚಿಸುವ ನಮ್ಮ ಜಿಲ್ಲೆಯ ಮನೆಗಳನ್ನು ಬಲ್ಲವನಾದ ನನಗೆ, ಆಟಕ್ಕಾಗಿ ಕಳಿಸಿದ ಆ ತಂದೆತಾಯಿಯರ ನಿಶ್ಚಯವು ಮಗಳ ಸಾಧನೆಗಿಂತ ಕಡಿಮೆಯದೆಂದು ಎಂದೂ ಅನ್ನಿಸಿಲ್ಲ.

ಬೆಂಗಳೂರು ಆ ಹೊತ್ತಿಗಾಗಲೇ ಮಹಿಳಾ ಕ್ರಿಕೆಟ್ಟಿನ ತೌರುಗಳಲ್ಲೊಂದಾಗಿತ್ತು. ಭಾರತದ ಮಹಿಳಾ ಕ್ರಿಕೆಟ್ ಸಂಘವು ಸ್ಥಾಪಿತವಾದುದು 1973ರಲ್ಲಿ. ಭಾರತದ ಮಹಿಳೆಯರು ತಮ್ಮ ಪ್ರಪ್ರಥಮ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸಿನ ಎದುರು ಆಡಿದುದು 1976ರ ಅಕ್ಟೋಬರ್ 31ರಂದು ಮೊದಲಾಗಿ, ಬೆಂಗಳೂರಿನಲ್ಲಿಯೇ, ನಮ್ಮವರೇ ಆದ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ. ಸ್ಥಳ ಕಾದಿರಿಸದ ರೈಲುಡಬ್ಬಿಗಳಲ್ಲಿ ಕುಳಿತು, ತಂಗುವಲ್ಲಿ ನೆಲದ ಮೇಲೆ ಹಾಸಿಕೊಂಡು ಮಲಗಿ ಎದ್ದು ದೇಶಕ್ಕಾಗಿ ಆಡಿದ ಪೀಳಿಗೆ ಅದು. ಪುರುಷರ ಆಟವನ್ನು ನಡೆಸುವ ಮಂಡಲಿಯು ಮಹಿಳೆಯರ ಆಟವನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡುದು 2006ರಲ್ಲಿ, ಎಂದರೆ ವೇದಾ ಬೆಂಗಳೂರಿಗೆ ಬಂದ ಮರುವರ್ಷ. ಹಳೆಯ ಬಡತನವು ಮುಗಿಯುತ್ತ, ಹೊಸ ಸಮೃದ್ಧಿಯಿನ್ನೂ ಬಾರದೆ ಇದ್ದ ಆ ನಡುಗಾಲದಲ್ಲಿ ಆಕೆಯ ಆಟದ ಬಾಳು ಮೊದಲಾಯಿತೆಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿ ಎಂಬ ಊರಿನಲ್ಲಿ, ಹದಿನೆಂಟರ ವಯಸ್ಸಿನ ಈ ಹುಡುಗಿ ತನ್ನ ಮೊದಲ ಏಕದಿನ ಪಂದ್ಯವನ್ನಾಡಿ 51 ರನ್ನುಗಳನ್ನು ಗಳಿಸಿದಳು. ಅಲ್ಲಿಂದ 2018ರವರೆಗೆ, ಸರಿಸುಮಾರು ಏಳು ವರ್ಷಗಳ ಅವಧಿಯಲ್ಲಿ, ಆಕೆಗೆ ದೊರೆತ ಏಕದಿನ ಪಂದ್ಯಗಳು ಮೇಲೆ ಹೇಳಿದ ನಾಲ್ವತ್ತೆಂಟು. ವರ್ಷವೊಂದಕ್ಕೆ ಏಳರಂತೆ ಬಂದ ಈ ಲೆಕ್ಕವನ್ನು ನೋಡಿದರೆ, ಪುರುಷರ ಅಂಕಿಗಳಿಗೆ ಹೊಂದಿಕೊಂಡ ನಮ್ಮ ಕಣ್ಣು ಎಲ್ಲಿ ತಪ್ಪುತ್ತದೆಂಬುದು ಗೋಚರವಾಗುತ್ತದೆ. ಟೆಸ್ಟ್ ಪಂದ್ಯವನ್ನಂತೂ ಆಕೆ ಒಂದನ್ನೂ ಆಡಲಿಲ್ಲ. 2014ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ದಕ್ಷಿಣ ಆಫ್ರಿಕದ ಎದುರು ಗೆದ್ದ ಮೇಲೆ, ಭಾರತದ ಮಹಿಳೆಯರಿಗೆ ಮತ್ತೊಂದು ಟೆಸ್ಟ್ ಪಂದ್ಯವು ದೊರೆತುದು 2021ರ ಜೂನಿನಲ್ಲಿ. ಆಕೆಯ ಆಟವು ಪ್ರಾಯಕ್ಕೆ ಬಂದು ಪಕ್ವವಾಗಿದ್ದ ವರ್ಷಗಳೆಲ್ಲವೂ ಆ ಬರಿದಾದ ಎಡೆಯೊಳಗೇ ಸಂದುಹೋದುವು.

ಇನ್ನು ಆಕೆಯ ಸ್ಥಾನವನ್ನು ಕುರಿತು ಎರಡು ಮಾತು. ಏಕದಿನದ ಆಟದಲ್ಲಿ ಒಂದು ತಂಡಕ್ಕೆ ಸಲ್ಲುವುದು ಮುನ್ನೂರು ಎಸೆತಗಳು. ಮೊದಲು ಬ್ಯಾಟು ಹಿಡಿದು ಹೋಗುವವರಿಗೆ ಆ ಮುನ್ನೂರೂ ತಮ್ಮವೆಂಬ ನೆಚ್ಚಿಕೆಯುಂಟು. ನಿಂತು, ನೋಡಿ, ಕಾಲೂರಿ, ನೂರನ್ನು ಎಣಿಸಿಕೊಳ್ಳುವ ಭಾಗ್ಯ ಅವರದು. ನಡುವಣ ಕ್ರಮಾಂಕದಲ್ಲಿ, ಐದನೆಯವಳಾಗಿಯೋ ಆರನೆಯವಳಾಗಿಯೋ ಹೋಗತಕ್ಕವಳ ಪಾಡು ಬೇರೆ. ಮೇಲಿನವರು ಬೇಗನೆ ಬಿದ್ದರೆ ಅವಳು ಮುರಿದ ಮನೆಗೆ ಕಂಬ ಕೊಡಬೇಕು. ಮೇಲಿನವರು ಬಹಳ ಹೊತ್ತು ನಿಂತರೆ, ಉಳಿದ ನಾಲ್ವತ್ತೋ ಐವತ್ತೋ ಎಸೆತಗಳಲ್ಲಿ, ಮೊದಲ ಎಸೆತದಿಂದಲೇ, ತನ್ನ ವಿಕೆಟ್ಟಿನ ಹಂಗು ತೊರೆದು ಹೊಡೆಯಬೇಕು. ಇವೆರಡರಲ್ಲಿ ಯಾವುದು ತನ್ನ ಪಾಲಿನದೆಂಬುದು ಪೆವಿಲಿಯನ್ನಿನ ಮೆಟ್ಟಿಲಿಳಿಯುವವರೆಗೆ ಅವಳಿಗೇ ತಿಳಿದಿರುವುದಿಲ್ಲ. ತೋಟದಲ್ಲಿ ಇದಕ್ಕೊಂದು ಸಾದೃಶ್ಯವಿದೆ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದುದನ್ನು ಎಲ್ಲರೂ ನೋಡುತ್ತಾರೆ, ಹಣ್ಣಿನ ಮೂಟೆಯನ್ನೂ ಎಲ್ಲರೂ ಎಣಿಸುತ್ತಾರೆ. ನಡುವೆ ನೆರಳು ತೆಗೆದವರನ್ನು, ಕಂಬಚಿಗುರು ಕಿತ್ತವರನ್ನು, ಮಳೆಯಲ್ಲಿ ಕಂಬಳಿ ಹೊದ್ದು ಗೊಬ್ಬರ ಹಾಕಿದವರನ್ನು ಬರೆದಿಡುವ ಪುಸ್ತಕ ಯಾವ ತೋಟದಲ್ಲಿಯೂ ಇಲ್ಲ.

2017ರ ಜುಲೈ 15ರಂದು ಅದೇ ಡರ್ಬಿಯಲ್ಲಿ ನಡೆದ ವಿಶ್ವಕಪ್ಪಿನ ಪಂದ್ಯವು ಆಕೆಯ ಸ್ಥಾನದ ಮಹತ್ತ್ವವನ್ನು ಲೋಕಕ್ಕೆ ತಿಳಿಸಿತು. ನ್ಯೂಜಿಲೆಂಡನ್ನು ಗೆದ್ದರೆ ಸೆಮಿಫೈನಲ್ಲು, ಸೋತರೆ ಊರಿನ ದಾರಿ. ಮಿಥಾಲಿ ರಾಜ್ ಅವರು ಒಂದು ಕಡೆ ಶಾಂತರಾಗಿ ಶತಕದತ್ತ ಸಾಗುತ್ತಿರುವಾಗ, ಇನ್ನೊಂದು ಕಡೆಯಿಂದ ವೇದಾ 45 ಎಸೆತಗಳಲ್ಲಿ 70 ರನ್ನುಗಳನ್ನು ಹೊಡೆದರು. ಮಿಥಾಲಿ 109, ಭಾರತ 265. ಬಳಿಕ ವಿಜಯಪುರದ ರಾಜೇಶ್ವರಿ ಗಾಯಕವಾಡರು ತಮ್ಮ ಎಡಗೈ ತಿರುವಿನಿಂದ ಕೇವಲ 15 ರನ್ನುಗಳಿಗೆ ಐದು ವಿಕೆಟ್ಟುಗಳನ್ನು ಉರುಳಿಸಲು, ನ್ಯೂಜಿಲೆಂಡು 79ಕ್ಕೆ ಮುಗಿಯಿತು. ಕಡೂರಿನವಳೊಬ್ಬಳು, ವಿಜಯಪುರದವಳೊಬ್ಬಳು, ಕನ್ನಡ ನಾಡಿನ ಎರಡು ಒಳನಾಡಿನ ಊರುಗಳು ಒಂದೇ ಮಧ್ಯಾಹ್ನದಲ್ಲಿ ದೇಶವನ್ನು ಎತ್ತಿ ನಿಲ್ಲಿಸಿದ ಆ ದಿನವನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಐದು ದಿನಗಳ ತರುವಾಯ ಅದೇ ಮೈದಾನದಲ್ಲಿ ಹರ್ಮನ್‌ಪ್ರೀತ್ ಕೌರರು ಆಸ್ಟ್ರೇಲಿಯದ ಎದುರು 171 ರನ್ನುಗಳನ್ನು ಗಳಿಸಿ ಅಜೇಯರಾಗಿ ಉಳಿದ ಕಥೆ ಎಲ್ಲರಿಗೂ ತಿಳಿದದ್ದೇ.

ಅಂತಿಮ ಪಂದ್ಯವು ಲಾರ್ಡ್ಸಿನಲ್ಲಿ, ಇಂಗ್ಲೆಂಡಿನ ಎದುರು, ಜುಲೈ 23ರ ಭಾನುವಾರ. ನಮಗೆ ಅಂದು ಭೀಮನ ಅಮಾವಾಸ್ಯೆ. ಬೆಳಗ್ಗೆ ಪೂಜೆ ಮುಗಿಸಿ, ಕಡುಬು ಬೇಯಿಸಿ, ಸಂಜೆಗೆ ನಮ್ಮ ಮನೆಯ ಹೆಂಗಸರೂ ನೆರೆಮನೆಯವರೂ ತೋಟದ ಲೈನುಮನೆಗಳ ಕೆಲವು ಹುಡುಗಿಯರೂ ದೂರದರ್ಶನದ ಮುಂದೆ ಸೇರಿದ್ದರು. ಹೊರಗೆ ಮಳೆ ಜಡಿಯುತ್ತಿತ್ತು. ಅಷ್ಟು ಜನ ಹೆಂಗಸರು ಒಂದು ಆಟದ ಮುಂದೆ ಅಷ್ಟು ಹೊತ್ತು ಮೌನವಾಗಿ ಕುಳಿತುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೆಲ್ಲಲು 229 ಬೇಕಾಗಿತ್ತು. 138ಕ್ಕೆ ಮೂರನೆಯ ವಿಕೆಟ್ಟು ಬಿದ್ದು ಹರ್ಮನ್‌ಪ್ರೀತ್ ಹಿಂದಿರುಗಿದಾಗ, ಐದನೆಯವಳಾಗಿ ಕಡೂರಿನ ಹುಡುಗಿ ಮೆಟ್ಟಿಲಿಳಿದು ಬಂದಳು. ಪೂನಂ ರಾವುತ್ ಅವರೊಡನೆ ಸೇರಿ ಆಕೆ ಮೊತ್ತವನ್ನು 191ಕ್ಕೆ ತಂದು ನಿಲ್ಲಿಸಿದರು. ಇನ್ನು 38 ರನ್ನು, ಕೈಯಲ್ಲಿ ಏಳು ವಿಕೆಟ್ಟು. ಅಲ್ಲಿಂದ ಆದುದು ವಿಪತ್ತು. 86 ಗಳಿಸಿದ್ದ ಪೂನಂ ಹೋದರು. ಸುಷ್ಮಾ ವರ್ಮ ಹೋದರು. 34 ಎಸೆತಗಳಿಗೆ 35 ಗಳಿಸಿದ್ದ ವೇದಾ, ಆನ್ಯಾ ಶ್ರಬ್‌ಸೋಲರ ಎಸೆತವನ್ನು ಮೇಲೆತ್ತಿ ಹೊಡೆಯಹೋಗಿ ಕ್ಯಾಚಿತ್ತರು. ಹೀಗೆ ಆ ಏಳು ವಿಕೆಟ್ಟುಗಳೂ 28 ರನ್ನುಗಳಲ್ಲಿ ಉರುಳಿ, ಭಾರತ ಒಂಬತ್ತು ರನ್ನುಗಳಿಂದ ಸೋತಿತು.

ವೇದಾ ಅವರ ಆ ಹೊಡೆತವನ್ನು ಅಂದಿನಿಂದ ಹಲವರು ನಿಂದಿಸಿದುದನ್ನು ಕೇಳಿದ್ದೇನೆ. ನಾನು ಒಪ್ಪಲಾರೆ. ಅದುವರೆಗಿನ ಮೂವತ್ತೈದೂ ಅಂತಹುದೇ ಧೈರ್ಯದಿಂದ ಬಂದವು. ಫಲಿಸಿದಾಗ ಸಾಹಸವೆಂದು ಕೊಂಡಾಡಿದುದನ್ನು ಫಲಿಸದಿದ್ದಾಗ ಅವಿವೇಕವೆನ್ನುವುದು ನ್ಯಾಯವಲ್ಲ. ನಡುವಣ ಸ್ಥಾನದವರಿಗೆ ಆಟವು ಒಪ್ಪಿಸಿದ ಧರ್ಮವೇ ಅದು.

ನಡುವಣ ಸ್ಥಾನದ ಇನ್ನೊಬ್ಬಾಕೆಯ ಕಥೆ ಇಲ್ಲಿ ನೆನಪಾಗುತ್ತದೆ. ಯೂರೋಪಿನ ಅದೇ ಬೇಸಗೆಯಲ್ಲಿ, ಲಾರ್ಡ್ಸಿನ ಸೋಲಿನಿಂದ ಹದಿನಾಲ್ಕನೆಯ ದಿನಕ್ಕೆ, ಹಾಲೆಂಡಿನ ಎನ್ಸ್‌ಖೆಡೆ ಎಂಬ ನಗರದಲ್ಲಿ ಯೂರೋಪಿನ ಮಹಿಳಾ ಫುಟ್ಬಾಲಿನ ಅಂತಿಮ ಪಂದ್ಯ ನಡೆಯಿತು. ಡೆನ್ಮಾರ್ಕಿನೊಡನೆ ಎರಡೆರಡು ಗೋಲುಗಳಿಂದ ಸಮನಾಗಿದ್ದಾಗ, ಐವತ್ತೊಂದನೆಯ ನಿಮಿಷದಲ್ಲಿ ಫ್ರೀ ಕಿಕ್ಕಿನಿಂದ ಹಾಲೆಂಡನ್ನು ಮುಂದಕ್ಕೊಯ್ದವರು ಷೆರಿಡಾ ಸ್ಪಿಟ್ಸೆ. ಕೊನೆಗೆ ನಾಲ್ಕು ಎರಡರಿಂದ ಹಾಲೆಂಡು ಗೆದ್ದಿತು. ಈಕೆ ಮಿಡ್‌ಫೀಲ್ಡರ್, ಎಂದರೆ ಮೈದಾನದ ನಡುವೆ ನಿಂತು, ಹಿಂದಿನವರು ತಡೆದು ಕೊಟ್ಟ ಚೆಂಡನ್ನು ಮುಂದಿನವರು ಗೋಲು ಹೊಡೆಯುವಂತೆ ಸಾಗಿಸುವವಳು. ಫ್ರೀಸ್ಲಾಂಡಿನ ಸ್ನೇಕ್ ಎಂಬ ಸಣ್ಣ ಊರಿನಲ್ಲಿ 1990ರಲ್ಲಿ ಹುಟ್ಟಿ, ಹದಿನಾರರಲ್ಲಿ ದೇಶದ ಪರವಾಗಿ ಆಡಲು ತೊಡಗಿದ ಈಕೆ, ಆ ದೇಶದ ಪರವಾಗಿ ಇನ್ನೂರಕ್ಕೂ ಮೀರಿದ ಪಂದ್ಯಗಳನ್ನಾಡಿದರು. ಹಾಲೆಂಡಿನ ಫುಟ್ಬಾಲ್ ಸಂಸ್ಥೆಯು ಹೆಂಗಸರ ಆಟಕ್ಕೆ ಮನ್ನಣೆಯಿತ್ತುದು 1971ರಲ್ಲಿ, ಅವರಿಗೆ ವೃತ್ತಿಮಟ್ಟದ ಲೀಗು ಮೊದಲಾದುದು 2007ರಲ್ಲಿ. ಸ್ಪಿಟ್ಸೆಯವರಾದರೂ ಹಲವು ವರ್ಷ ನಾರ್ವೆಗೆ ಹೋಗಿ ಆಡಬೇಕಾಯಿತು. ಸಮುದ್ರಗಳಾಚೆಯ ಆ ಸಿರಿವಂತ ನಾಡಿನ ಇತಿಹಾಸವೂ ಬೆಂಗಳೂರಿನ ಇತಿಹಾಸವೂ ವರ್ಷವರ್ಷಕ್ಕೆ ಹೀಗೆ ಜೊತೆಜೊತೆಯಾಗಿ ನಡೆದಿರುವುದನ್ನು ಕಂಡು ನಾನು ಬೆರಗಾದೆ. ಒಂದು ಭೇದವುಂಟು: ಸ್ಪಿಟ್ಸೆಯವರಿಗೆ ಇನ್ನೂರು ಪಂದ್ಯಗಳು ದೊರೆತುವು.

ಲಾರ್ಡ್ಸಿನ ಬಳಿಕ ವೇದಾ ಆಸ್ಟ್ರೇಲಿಯದ ಬಿಗ್ ಬ್ಯಾಷ್ ಲೀಗಿನಲ್ಲಿ ಹೋಬಾರ್ಟ್ ಹರಿಕೇನ್ಸ್ ತಂಡಕ್ಕೆ ಆಡಿದರು. ಕರ್ನಾಟಕ ತಂಡದ ನಾಯಕಿಯಾಗಿ ಕಿರಿಯರನ್ನು ನಡೆಸಿದರು. 2020ರ ಮಾರ್ಚ್ 8, ಮಹಿಳಾ ದಿನ, ಮೆಲ್ಬರ್ನಿನಲ್ಲಿ 86,174 ಪ್ರೇಕ್ಷಕರ ಎದುರು ನಡೆದ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತ ಮತ್ತೆ ಸೋತಿತು. ವೇದಾ 19 ಗಳಿಸಿದ ಆ ಪಂದ್ಯವೇ ಭಾರತದ ಪರವಾಗಿ ಅವರ ಕೊನೆಯದಾಯಿತು.

ಮರುವರ್ಷದ ಬೇಸಗೆಯನ್ನು ಬರೆಯಲು ಕೈ ಹಿಂಜರಿಯುತ್ತದೆ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಎರಡು ವಾರಗಳ ಅಂತರದೊಳಗೆ, ಆಕೆ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಆ ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಯಾವ ಊರಿನಲ್ಲಿ ಯಾವ ಮನೆಯ ಬಾಗಿಲು ಮುಚ್ಚಿತ್ತೆಂಬುದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದಾದ ಮೇಲೂ ಆಕೆ ಮೈದಾನಕ್ಕೆ ಮರಳಿದರು, ಕರ್ನಾಟಕಕ್ಕಾಗಿ ಆಡಿದರು. 2024ರ ಮಹಿಳಾ ಪ್ರೀಮಿಯರ್ ಲೀಗಿಗಾಗಿ ಗುಜರಾತ್ ಜೈಂಟ್ಸ್ ತಂಡವು ಅವರನ್ನು 30 ಲಕ್ಷ ರೂಪಾಯಿಗಳಿಗೆ ಕೊಂಡಿತು. ಮಹಿಳೆಯರಿಗೂ ಪುರುಷರಿಗೂ ಪಂದ್ಯದ ಸಂಭಾವನೆ ಸಮನೆಂದು ಮಂಡಲಿಯು ಘೋಷಿಸಿದುದು 2022ರ ಅಕ್ಟೋಬರಿನಲ್ಲಿ. ಆ ವೇಳೆಗೆ ಆಕೆ ಭಾರತದ ಅಂಗಿ ತೊಟ್ಟು ಎರಡೂವರೆ ವರ್ಷ ಕಳೆದಿದ್ದಿತು.

ನಿವೃತ್ತಿಯ ವಾರ್ತೆ ಬಂದ ದಿನದಿಂದ ಎಣಿಸಿ ಸರಿಯಾಗಿ ನೂರನೆಯ ದಿನ, 2025ರ ನವೆಂಬರ್ 2ರಂದು, ನವಿಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದರು. ಲಾರ್ಡ್ಸಿನ ಸೋಲನ್ನುಂಡ ಹರ್ಮನ್‌ಪ್ರೀತ್, ಸ್ಮೃತಿ, ದೀಪ್ತಿ ಮೂವರೂ ಅಂದು ಅಂಗಣದಲ್ಲಿದ್ದರು. ಮರುದಿನ ಬೆಳಗ್ಗೆ ಆಲ್ದೂರಿನ ಬಸ್ಸುನಿಲ್ದಾಣದಲ್ಲಿ ಪತ್ರಿಕೆ ಕೊಂಡು ಅಲ್ಲಿಯೇ ನಿಂತು ಬಿಡಿಸಿದೆ. ಶಫಾಲಿ 87, ದೀಪ್ತಿ 58 ಎಂಬ ದೊಡ್ಡ ಅಂಕಿಗಳನ್ನು ದಾಟಿ ನನ್ನ ಬೆರಳು ಸ್ಕೋರುಪಟ್ಟಿಯ ಕೆಳಗಿನ ಸಾಲುಗಳತ್ತ ಸರಿಯಿತು. ರಿಚಾ ಘೋಷ್, 24 ಎಸೆತಗಳಿಗೆ 34. ಲಾರ್ಡ್ಸಿನಲ್ಲಿ ವೇದಾ ಗಳಿಸಿದುದಕ್ಕಿಂತ ಒಂದು ಕಡಿಮೆ. ಕಳಸದ ಕಡೆಗೆ ಹೋಗುವ ಬಸ್ಸು ಬರುವವರೆಗೆ ಆ ಸಾಲನ್ನು ಎರಡು ಮೂರು ಸಲ ಓದಿದೆ.